ಬೂದಿ ಅಳಿಸದ ಹಣ್ಣು

ತಿಕೋಟಾ ಸೀಮೆಗೆ ಆ ವರ್ಷವೂ ಚಳಿಗಾಲವನ್ನು ಯಂತ್ರ ತಿರುಗಿಸಿಯೇ ತರಿಸಬೇಕಾಯಿತು. ಹೊರಗೆ ಪುಷ್ಯಮಾಸದಲ್ಲೂ ನೆಲ ರೊಟ್ಟಿಯ ಹಂಚಿನಂತೆ ಕಾಯುತ್ತಿದ್ದರೆ, ಒಳಗೆ, ಚಳಿಮನೆಯ ದಪ್ಪ ಗೋಡೆಗಳ ನಡುವೆ, ಮೊಣಕಾಲೆತ್ತರದ ಬ್ಲೂಬೆರಿ ಗಿಡಗಳು ಎಲೆ ಉದುರಿಸಿಕೊಂಡು ಸಾಲುಸಾಲಾಗಿ ನಿದ್ದೆ ಹೋಗಿದ್ದವು. ಆ ಗಿಡದ ಹಟವೇ ಅಂಥದು. ಮೈ ಕೊರೆಯುವ ಚಳಿಯಲ್ಲಿ ವಾರಗಟ್ಟಲೆ ಮಲಗಿ ಎದ್ದರೆ ಮಾತ್ರ ಹೂ ಬಿಡುತ್ತದೆ. ಇಲ್ಲದಿದ್ದರೆ ನೀರು, ಗೊಬ್ಬರ, ಪೂಜೆ ಏನು ಕೊಟ್ಟರೂ ಸುಮ್ಮನೆ ಎಲೆ ಅಲ್ಲಾಡಿಸುತ್ತ ನಿಂತಿರುತ್ತದೆ. ಇಂಥ ಗಿಡವನ್ನು ವಿಜಯಪುರದ ಬಿಸಿಲಿಗೆ ತಂದವರಿಗೆ ತಲೆ ನೆಟ್ಟಗಿತ್ತೇ ಎಂದು ಕೇಳುವವರು ಊರಲ್ಲಿ ಬಹಳ ಜನರಿದ್ದರು. ತಂದವಳು ಶಿವಲೀಲಾ ಬಿರಾದಾರ. ಅವಳು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ಮಗಳ ಕಣ್ಣು ಹೋಗುತ್ತಿರುವಾಗ ಊರವರ ಮಾತಿಗೆ ಕಿವಿಗೊಡಲು ಅವಳಿಗೆ ಪುರಸೊತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಆಕಾಶದಿಂದ. ಭೂಮಿ ಕಾದು ಬದುಕುವುದೇ ಕಷ್ಟವಾದಾಗ ದೊಡ್ಡ ದೊಡ್ಡ ದೇಶಗಳು ಕೂಡಿ ಬಿಸಿಲಿಗೆ ಕೊಡೆ ಹಿಡಿಯಲು ಹೊರಟವು. ಮೋಡಗಳಿಗಿಂತ ಮೇಲೆ ಬೆಳ್ಳನೆಯ ನುಣ್ಣನೆ ಪುಡಿ ಎರಚಿದರೆ ಬಿಸಿಲು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ ಎಂಬ ಲೆಕ್ಕ. ಬಿಸಿಲು ಅಷ್ಟೇನೂ ತಿರುಗಲಿಲ್ಲ. ಪುಡಿ ಮಾತ್ರ ಕೆಳಗಿಳಿಯಿತು. ದೊಡ್ಡವರಿಗೆ ಅದರಿಂದ ಒಂದು ಕೆಮ್ಮು ಕೂಡ ಬರಲಿಲ್ಲ. ಬೆಳೆಯುವ ಮಕ್ಕಳ ಕಣ್ಣಿನ ಒಳಪೊರೆಯಲ್ಲಿ ಅದು ಪದರ ಪದರವಾಗಿ ಕೂರತೊಡಗಿತು. ಮೊದಲು ಸಂಜೆಯ ಬೆಳಕು ಹೋಗುತ್ತದೆ, ಆಮೇಲೆ ನೋಟದ ಅಂಚುಗಳು, ಕೊನೆಗೆ ನಡುವೆ ಉಳಿದ ಒಂದು ಕಿಂಡಿಯೂ ಮುಚ್ಚುತ್ತದೆ. ಜನ ಅದನ್ನು ಮಬ್ಬುಗಣ್ಣು ಎಂದರು. ಕೊಡೆ ಹಿಡಿದವರು ಅದಕ್ಕೊಂದು ಉದ್ದನೆಯ ಹೆಸರಿಟ್ಟು, ಸಮಿತಿ ಮಾಡಿ, ಚಹಾ ಕುಡಿದು ಎದ್ದುಹೋದರು.

ಮದ್ದು ಸಿಕ್ಕಿದ್ದು ಬ್ಲೂಬೆರಿಯಲ್ಲಿ, ಅದೂ ಕಾಡಿನದರಲ್ಲಿ. ತೋಟದಲ್ಲಿ ಬೆಳೆಸಿದ ದಪ್ಪ ಹಣ್ಣನ್ನು ಕಚ್ಚಿದರೆ ಸಿಪ್ಪೆಯಷ್ಟೇ ನೀಲಿ, ಒಳಗೆ ಬಿಳಿ ತಿರುಳು. ಕಾಡುಹಣ್ಣು ಕಡಲೆಕಾಳಿನಷ್ಟು ಸಣ್ಣದು, ಆದರೆ ಒಳಗೂ ಹೊರಗೂ ನೀಲಿಯೇ. ಫ್ರೀಜ್ ಮಾಡಿದರೆ ತಿರುಳು ಒಡೆದು ಬಣ್ಣ ಇನ್ನೂ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆ ಬಣ್ಣ ಕಣ್ಣಿನವರೆಗೆ ಹೋಗಿ ಪುಡಿಯನ್ನು ಅಂಟಿಸಿಕೊಂಡು ಹೊರಬರುತ್ತದೆ ಎಂದು ವೈದ್ಯರು ಕಂಡುಕೊಂಡರು. ಉತ್ತರದ ಹಿಮದ ನಾಡುಗಳಿಂದ ಫ್ರೀಜ್ ಮಾಡಿದ ಕಾಡುಹಣ್ಣು ಹಡಗುಗಳಲ್ಲಿ ಬಂತು. ದಿನಕ್ಕೊಂದು ಹಿಡಿ ತಿಂದ ಮಕ್ಕಳ ಕಣ್ಣು ನಿಜಕ್ಕೂ ತಿಳಿಯಾಯಿತು. ಆಮೇಲೆ ಆ ಕಾಡುಗಳಿಗೇ ಬೆಂಕಿ ಬಿತ್ತು. ಹಡಗು ಬರುವುದು ನಿಂತಿತು.

ಉಳಿದದ್ದು ಬೇರುಗಳು. ಸುಡುವುದಕ್ಕೆ ಮುಂಚೆ ತೆಗೆದಿಟ್ಟ ಕಾಡುಗಿಡದ ಬೇರುಗಳನ್ನು ಎಲ್ಲಿ ನೆಡುವುದು ಎಂಬ ಪ್ರಶ್ನೆ ಬಂದಾಗ ಶಿವಲೀಲಾ ತನ್ನ ಊರಿನ ಹೆಸರು ಹೇಳಿದಳು. ವಿಜಯಪುರದಲ್ಲಿ ಇನ್ನೇನಿಲ್ಲದಿದ್ದರೂ ಕೋಲ್ಡ್ ಸ್ಟೋರೇಜುಗಳಿದ್ದವು. ಒಂದು ಕಾಲಕ್ಕೆ ಇಲ್ಲಿಯ ಒಣದ್ರಾಕ್ಷಿಯನ್ನೆಲ್ಲ ಅವುಗಳಲ್ಲೇ ತುಂಬಿಡುತ್ತಿದ್ದರು. ದ್ರಾಕ್ಷಿ ಬಳ್ಳಿಗಳು ಬಿಸಿಲಿಗೆ ಸುಟ್ಟುಹೋದ ಮೇಲೆ ಗೋಡೆಗಳು ಖಾಲಿ ನಿಂತಿದ್ದವು. ಶಿವಲೀಲಾ ಹುಟ್ಟಿದ್ದು ಒಣದ್ರಾಕ್ಷಿ ಮಾಡುವ ಮನೆಯಲ್ಲಿ, ಓದಿದ್ದು ಹಣ್ಣುಗಳ ವಿಜ್ಞಾನ. ಹೀಗೆ ಚಳಿಮನೆ ಎದ್ದಿತು. ಕೆಲಸಕ್ಕೆ ಬಂದವರೂ ಹಳೆಯ ದ್ರಾಕ್ಷಿಯ ಆಳುಗಳೇ. ಜೇನ್ನೊಣಗಳಿಲ್ಲದ್ದರಿಂದ ಹೂವಿಗೆ ಹೂವಿಗೆ ಗುಂಯ್‌ಗುಡುವ ಕಡ್ಡಿ ತಾಗಿಸಿ ಪರಾಗ ಉದುರಿಸಿದವರು ಅವರು. ಹಣ್ಣು ಕೊಯ್ದು, ಅದ್ದಿ, ಜರಡಿ ಹಿಡಿದು, ಫ್ರೀಜ್ ಕೋಣೆಗೆ ತುಂಬಿದವರೂ ಅವರೇ.

ಮೊದಲ ಬೆಳೆ ಕೈಗೆ ಬಂದ ದಿನ ಶಿವಲೀಲಾ ಕಂಟ್ರೋಲ್ ರೂಮಿನಲ್ಲಿ ಕೂತು ಒಬ್ಬಳೇ ಅತ್ತಿದ್ದಳು. ಕಂಪ್ರೆಸರುಗಳನ್ನು ನೋಡಿಕೊಳ್ಳುವ ಬಂದೇನವಾಜ ಕಾಕಾ ಬಾಗಿಲಲ್ಲಿ ಇಣುಕಿ, "ಅಳೂದ ಯಾಕ ಮಗಳ? ಎಂಥಾ ಬಿಸಲಾಗ ಚಳಿ ಹುಟ್ಟಿಸೀವಿ! ನಿನ್ನ ಗಿಡಗೋಳು ನಮ್ಮಕಿಂತ ಸುಖದಾಗ ಅದಾವ. ನಾವು ಬೆವರಾಗ ತೊಯ್ಲಾಕತ್ತೀವಿ, ಅವು ಗರಂ ಕೋಟು ಬೇಡ್ಲಾಕತ್ತಾವ," ಎಂದು ನಗಿಸಿದ್ದ.

ಆ ನಗು ಬಹಳ ದಿನ ಉಳಿಯಲಿಲ್ಲ.

ಶಿವಲೀಲಾಳ ಮಗಳು ತುಳಜಾಳಿಗೆ ಒಂಬತ್ತು ವರ್ಷ. ಉತ್ತರದ ಹಣ್ಣು ಬರುತ್ತಿದ್ದಾಗ ಅವಳು ಅಂಗಳದ ಬೇವಿನ ಮರದಲ್ಲಿ ಗಿಳಿ ಕೂತರೆ ಸಂಜೆಯಲ್ಲೂ ಬೆರಳು ಮಾಡಿ ತೋರಿಸುತ್ತಿದ್ದಳು. ಈಗ ನಡುಮಧ್ಯಾಹ್ನ ಅಜ್ಜಿಯ ಮುಖವನ್ನು ಎರಡು ಕೈಯಲ್ಲಿ ಹಿಡಿದು, ತನ್ನ ನೋಟದ ಕಿಂಡಿಗೆ ಸರಿಯಾಗಿ ತಿರುಗಿಸಿಕೊಂಡು, "ಆಯಿ, ಇವತ್ತ ವಿಭೂತಿ ಸೊಟ್ಟ ಹಚ್ಚೀದಿ," ಎನ್ನುತ್ತಿದ್ದಳು. ಸಂಜೆಯಾದರೆ ಅದೂ ಇಲ್ಲ. ಅಜ್ಜಿ, ಅಂದರೆ ಶಿವಲೀಲಾಳ ತಾಯಿ ಕಸ್ತೂರೆವ್ವ, ದೇವರ ಮುಂದೆ ದೀಪ ಹಚ್ಚಿದಾಗ ಮಾತ್ರ ಆ ಒಂದು ಉರಿ ಅವಳಿಗೆ ಕಾಣುತ್ತಿತ್ತು.

"ದೀಪ ಹಚ್ಚಿದೇನು ಆಯಿ?"

"ಹಚ್ಚೀನವ್ವಾ. ಕಾಣ್ತದಿಲ್ಲೋ?"

"ಕಾಣ್ತದ. ಸಣ್ಣದು ಕಾಣ್ತದ."

ಕಸ್ತೂರೆವ್ವನಿಗೆ ಆ ದೀಪ ಎಂದರೆ ದೊಡ್ಡ ಕಾನೂನು. ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು ಹೊರಗೆ ಹೋಗಬಾರದು, ಹೆಪ್ಪು ಅಂತೂ ಸುತರಾಂ ಹೋಗಬಾರದು. ಒಂದು ಸಲ ಬಂದೇನವಾಜನ ಸೊಸೆ ಖಾಜಾಬಿ ನಾಲ್ಕು ವರ್ಷದ ಮಗಳು ಶಬೀನಾಳನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈಯಲ್ಲಿ ಬಟ್ಟಲು ಹಿಡಿದು ಬಂದಳು.

"ಒಂದು ಚಮಚೆ ಹೆಪ್ಪು ಕೊಡ್ರಿ ಆಯಿ. ಹಾಲು ಕಾಸಿಟ್ಟೀನಿ."

"ದೀಪ ಹಚ್ಚೀನಿ, ಕಾಣಂಗಿಲ್ಲೇನು? ಮುಂಜಾನೆ ಬಾ, ಬೇಕಾದರ ಗಡಿಗೀನ ಎತ್ತಿಕೊಂಡು ಹೋಗು."

"ನಿಮ್ಮ ದೀಪ ನಮ್ಮ ಮಜ್ಜಿಗಿಗೆ ಕಲ್ಲು ಹಾಕ್ತದ ನೋಡ್ರಿ," ಎಂದು ಖಾಜಾಬಿ ನಗುತ್ತಲೇ ತಿರುಗಿದಳು. ತುಳಜಾ ಅಜ್ಜಿಗಿಂತ ಗಟ್ಟಿಯಾಗಿ, "ದೀಪ ಹಚ್ಚಿದ ಮ್ಯಾಲ ಕೊಡಂಗಿಲ್ಲ ಕಾಕು, ಲಕ್ಷ್ಮಿ ಹೋಗ್ತಾಳ," ಎಂದು ಕೂಗಿ ಹೇಳಿದಳು. ಕಂಕುಳಲ್ಲಿದ್ದ ಶಬೀನಾ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಾಗ ಶಿವಲೀಲಾ ಕೂತಲ್ಲಿಂದ ಎದ್ದು ನೋಡಿದಳು. ಕೂಸು ಚೌಕಟ್ಟಿನ ಅಂಚನ್ನು ಕಂಡಿರಲಿಲ್ಲ.

ಜಿಲ್ಲೆಯ ಕಣ್ಣಾಸ್ಪತ್ರೆಗಳಿಂದ ಬರುವ ವರದಿಗಳು ಒಂದೊಂದಾಗಿ ಕಂಟ್ರೋಲ್ ರೂಮಿನ ಪರದೆಯ ಮೇಲೆ ಬಂದು ಕೂತವು. ಚಳಿಮನೆಯ ತಾಜಾ ಹಣ್ಣು ತಿಂದ ಮಕ್ಕಳಿಗೆ ಗುಣ ಕಾಣಲಿಲ್ಲ. ಫ್ರೀಜ್ ಮಾಡಿದ್ದನ್ನು ಕೊಟ್ಟು ನೋಡಿದರು, ಅದೂ ಅಷ್ಟೇ. ಬಣ್ಣ ಅಳೆದರೆ ಉತ್ತರದ ಹಣ್ಣಿನಷ್ಟೇ ಗಾಢ. ಗಿಡ ಅದೇ ಗಿಡ, ನೀಲಿ ಅದೇ ನೀಲಿ. ಮಕ್ಕಳ ಕಣ್ಣು ಮಾತ್ರ ಮುಚ್ಚುತ್ತ ಹೋಗುತ್ತಿತ್ತು. ತುಳಜಾಳನ್ನು ನೋಡಿದ ಡಾಕ್ಟರು ಮುಖ ತಿರುಗಿಸಿಕೊಂಡು, "ನೋಟ ಜ್ಯೇಷ್ಠದ ಕಾರಹುಣ್ಣಿಮೆ ತನಕ ಉಳಿದರೆ ಹೆಚ್ಚು. ಪುಡಿ ಒಮ್ಮೆ ಗಟ್ಟಿಯಾಗಿ ಕೂತರೆ ಆಮೇಲೆ ಯಾವ ಮದ್ದೂ ನಾಟುವುದಿಲ್ಲ," ಎಂದಿದ್ದರು.

ಶಿವಲೀಲಾ ಹುಚ್ಚು ಹಿಡಿದವಳಂತೆ ಎಲ್ಲವನ್ನೂ ಮೊದಲಿನಿಂದ ತಡಕಿದಳು. ಗಿಡಗಳಿಗೆ ಕೊಟ್ಟ ಚಳಿ ಕಡಿಮೆಯಾಯಿತೇ? ಇಲ್ಲ. ಮಣ್ಣಿನ ಹುಳಿ? ಸರಿಯಾಗಿತ್ತು. ಫ್ರೀಜ್ ಕೋಣೆಯ ಚಳಿ ಹಣ್ಣನ್ನು ಬೇಗ ಹಿಡಿಯಿತೇ, ತಡವಾಗಿ ಹಿಡಿಯಿತೇ? ಬಂದೇನವಾಜ ಕಾಕಾ ಯಂತ್ರದ ಹೊಟ್ಟೆ ಬಿಚ್ಚಿ ತೋರಿಸಿದ. ಎಲ್ಲೂ ಒಂದು ತಪ್ಪಿಲ್ಲ. ತಪ್ಪು ಸಿಗದಿರುವುದೇ ಅವಳ ಕಷ್ಟ. ಸಿಕ್ಕಿದ್ದರೆ ಸರಿಪಡಿಸಬಹುದಿತ್ತು.

ಅಷ್ಟರಲ್ಲಿ ವಿದ್ಯುತ್ ಸಮಿತಿಯ ಅಧಿಕಾರಿ ಪರದೆಯ ಮೇಲೆ ಬಂದರು. ಕೆಟ್ಟ ಮನುಷ್ಯರೇನಲ್ಲ. ಅವರ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪಿತ್ತು.

"ಬಿರಾದಾರ ಅವರೇ, ನಗರದಲ್ಲಿ ವಯಸ್ಸಾದವರು ಸೆಕೆಗೆ ಸಾಯುತ್ತಿದ್ದಾರೆ. ಆಸ್ಪತ್ರೆ ತಂಪಾಗಿಡಲು ಕರೆಂಟು ಸಾಲುತ್ತಿಲ್ಲ. ನಿಮ್ಮ ಹಣ್ಣಿನಿಂದ ಗುಣ ಆಗುತ್ತಿದೆ ಎಂದು ಒಂದೇ ಒಂದು ಮಗುವನ್ನು ತೋರಿಸಿ, ನಾನು ಬಡಿದಾಡುತ್ತೇನೆ. ಇಲ್ಲವಾದರೆ ಅಮಾವಾಸ್ಯೆಯಿಂದ ಗಿಡಗಳ ಹಾಲ್‌ಗೂ ಲ್ಯಾಬಿಗೂ ಕರೆಂಟಿಲ್ಲ. ಫ್ರೀಜ್ ಕೋಣೆಯನ್ನು ಮಾತ್ರ ನಡೆಸಿಕೊಳ್ಳಿ."

"ಚಳಿ ಕೊಡದಿದ್ದರ ಗಿಡ ಸಾಯ್ತಾವ್ರಿ ಸರ್. ಜಗತ್ತಿನಾಗ ಇವನ್ನ ಬಿಟ್ಟರ ಬ್ಯಾರೆ ಇಲ್ಲ."

"ಗೊತ್ತು," ಎಂದರು ಅವರು. ಪರದೆ ಆರಿತು.

ಶಿವಲೀಲಾ ಮನೆಗೆ ಬಂದಾಗ ಕಸ್ತೂರೆವ್ವ ಒಲೆಯ ಮೇಲೆ ಬೆಲ್ಲ ಹಾಕಿದ ಗೋಧಿ ಸಜ್ಜಕ ಇಟ್ಟಿದ್ದಳು. ನೀಲಿಹಣ್ಣು ತಿಂದು ತಿಂದು ತುಳಜಾಳಿಗೆ ವಾಕರಿಕೆ ಬಂದಿತ್ತು. ಸಜ್ಜಕದಲ್ಲಿ ಅಡಗಿಸಿ ಕೊಟ್ಟರೆ ತಿಂದಾಳು ಎಂಬುದು ಅಜ್ಜಿಯ ಉಪಾಯ. ಬೋಗುಣಿಯಲ್ಲಿ ಹಣ್ಣು ನೆನೆಹಾಕಿ, ಕೈಯಲ್ಲಿ ಕಲಕಿ ತೊಳೆಯುತ್ತಿದ್ದವಳು ಒಮ್ಮೆಲೇ ಸಿಡುಕಿದಳು.

"ಲೀಲಾ, ಇದೇನ ಹಣ್ಣ ಇದು? ತೊಳದ ನೀರು ಪಾಚಿ ಬಣ್ಣ ಆಗ್ಯಾವ ನೋಡು. ಮೊದಲ ಹಡಗಿನ್ಯಾಗ ಬರ್ತಿದ್ದ ನೀಲಿಹಣ್ಣು ತೊಳದ್ರ ಬೀಟ್‌ರೂಟ್ ನೀರಿನಂಗ ಕೆಂಪಗ ಇರ್ತಿದ್ವು. ಕೊಳತಾವೇನು ಮತ್ತ?"

ಶಿವಲೀಲಾ ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಒಯ್ದಳು. ಒಡೆದ ಹಣ್ಣುಗಳ ರಸ ಬಿಟ್ಟ ನೀರು ಹಸಿರಾಗಿತ್ತು. ಅವಳು ಒಂದು ನಿಂಬೆಹೋಳನ್ನು ತೆಗೆದು ಹಿಂಡಿದಳು. ಹಸಿರು ಹೋಗಿ ನೀರು ನೋಡನೋಡುತ್ತ ಕೆಂಪಾಯಿತು. ಈ ಬಣ್ಣ ಹುಳಿಗೆ ಕೆಂಪಾಗುತ್ತದೆ, ಕ್ಷಾರಕ್ಕೆ ಹಸಿರಾಗುತ್ತದೆ ಎಂಬುದು ಹಣ್ಣಿನ ವಿಜ್ಞಾನ ಓದಿದವರಿಗೆಲ್ಲ ಮೊದಲ ಪಾಠ. ಹುಳಿಹಣ್ಣು ತೊಳೆದ ನೀರಿಗೆ ಕ್ಷಾರ ಎಲ್ಲಿಂದ ಬಂತು?

ಎಲ್ಲಿಂದ ಎನ್ನುವುದು ಹೊಳೆದಾಗ ಅವಳು ಬೋಗುಣಿಯನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

ವಿಜಯಪುರದವರು ದ್ರಾಕ್ಷಿಯನ್ನು ಹಾಗೆಯೇ ಒಣಗಿಸುವುದಿಲ್ಲ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿಯಂಥ ಮೇಣದ ಪದರ ಇರುತ್ತದೆ. ಅದಿದ್ದರೆ ಒಳಗಿನ ನೀರು ಹೊರಗೆ ಬರದು, ಹಣ್ಣು ಒಣಗದೆ ಕೊಳೆಯುತ್ತದೆ. ಆದ್ದರಿಂದ ಪೊಟ್ಯಾಶಿನ ಕ್ಷಾರದ ಪುಡಿ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನ ತೊಟ್ಟಿಯಲ್ಲಿ ಗೊಂಚಲನ್ನು ಅದ್ದಿ, ಬೂದಿ ಕಳೆದು, ಮತ್ತೆ ತೊಳೆಯದೆ ಹಾಗೆಯೇ ಶೆಡ್ಡಿನಲ್ಲಿ ಹರವುತ್ತಾರೆ. ಮೂರು ತಲೆಮಾರು ಅದನ್ನೇ ಮಾಡಿದ ಕೈಗಳು. ಬ್ಲೂಬೆರಿಯ ಮೇಲೂ ಅಂಥದೇ ಬೂದಿ ಕಂಡಾಗ ಯಾರೂ ಯಾರನ್ನೂ ಕೇಳಲಿಲ್ಲ. ತೊಟ್ಟಿಯನ್ನು ಎಲ್ಲಿಡಬೇಕು ಎಂದು ಆಳುಗಳು ಕೇಳಿದಾಗ, "ಜರಡಿ ಮುಂದ ಇಡ್ರಿ," ಎಂದು ಜಾಗ ತೋರಿಸಿದವಳು ಶಿವಲೀಲಾಳೇ. ಒಣಗಿಸಬೇಕಿಲ್ಲದ ಹಣ್ಣನ್ನು ಅದ್ದುವುದು ಯಾಕೆ ಎಂಬ ಪ್ರಶ್ನೆ ಅವಳ ತಲೆಗೆ ಬರಲೇ ಇಲ್ಲ. ಹಣ್ಣು ಎಂದರೆ ಅದ್ದುವುದು. ಉತ್ತರದ ಹಣ್ಣನ್ನು ಯಾರೂ ಅದ್ದಿರಲಿಲ್ಲ. ಬಾಚಿ ಕೊಯ್ದು, ಬೂದಿ ಸಮೇತ ಫ್ರೀಜ್ ಮಾಡಿ ಕಳಿಸುತ್ತಿದ್ದರು.

"ಏನಾತವ್ವಾ?" ಎಂದು ಕಸ್ತೂರೆವ್ವ ಗಾಬರಿಯಾದಳು.

"ನಾನ ಮಾಡೀನಿ ಅವ್ವಾ," ಎಂದಳು ಶಿವಲೀಲಾ. "ನನ್ನ ಮಗಳ ಕಣ್ಣ ನಾನ ಅದ್ದಿ ತಗದೀನಿ."

ಚಪ್ಪಲಿ ಮೆಟ್ಟುವುದನ್ನೂ ಮರೆತು ಅವಳು ಕಾದ ರಸ್ತೆಯಲ್ಲಿ ಚಳಿಮನೆಗೆ ಓಡಿದಳು.

ಹಾಲ್‌ನ ಕೊನೆಯ ಸಾಲು ತಡವಾಗಿ ಹೂ ಬಿಟ್ಟಿತ್ತು. ಅದೊಂದರಲ್ಲಿ ಮಾತ್ರ ಕೊಯ್ಯದ ಹಣ್ಣು ಉಳಿದಿತ್ತು. ಒಂದನ್ನು ತೊಟ್ಟು ಹಿಡಿದು ಬಿಡಿಸಿ, ಬೂದಿಯನ್ನು ಸೂಜಿಯಿಂದ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೇಣದ ನಡುವೆ ಸಣ್ಣ ಸಣ್ಣ ಜೀವಗಳು, ಮೊಗ್ಗೊಡೆದು ಎರಡಾಗುತ್ತಿರುವ ಯೀಸ್ಟ್. ಕಾಡಿನ ಬೇರಿನ ಜೊತೆಗೇ ಪ್ರಯಾಣ ಮಾಡಿ ಬಂದ ಯೀಸ್ಟ್ ಅದು. ನಂತರದ ಪರೀಕ್ಷೆಗಳಲ್ಲಿ ಉಳಿದದ್ದು ಬಯಲಾಯಿತು. ಹಣ್ಣಿನ ನೀಲಿಯ ಕಣ ದೊಡ್ಡದು, ಕಣ್ಣಿನ ಗೋಡೆ ದಾಟಲಾರದು. ಈ ಜೀವಿ ಹೊಟ್ಟೆಯೊಳಗೆ ಅದನ್ನು ಕಡಿದು ಚಿಕ್ಕದು ಮಾಡುತ್ತಿತ್ತು. ಚಿಕ್ಕದಾದದ್ದು ಮಾತ್ರ ಒಳಗೆ ಹೋಗಿ ಪುಡಿಯನ್ನು ಎಳೆದು ತರುತ್ತಿತ್ತು. ಎಲ್ಲರೂ ನೀಲಿಯನ್ನು ಅಳೆದರು, ಬೂದಿಯನ್ನು ಯಾರೂ ನೋಡಲಿಲ್ಲ. ಬೂದಿ ಏನಾದರೂ ಉಳಿದಿದ್ದೀತೆಂದು ಉತ್ತರದ ಹಣ್ಣಿನ ಖಾಲಿ ಚೀಲಗಳಿಗಾಗಿ ಗೋದಾಮು ಹುಡುಕಿಸಿದಳು. ಅವನ್ನೆಲ್ಲ ಸೋಪು ಹಾಕಿ ತೊಳೆದು ಒಣಗಿಸಿ ಮಡಚಿಟ್ಟಿದ್ದರು. ನಮ್ಮ ಜನಕ್ಕೆ ಚೊಕ್ಕಟದ ಮೇಲೆ ಅಷ್ಟು ಪ್ರೀತಿ.

ಬಂದೇನವಾಜ ಕಾಕಾ ತೊಟ್ಟಿಯ ಮುಂದೆ ನಿಂತು ತನ್ನದೇ ಕೈಗಳನ್ನು ನೋಡಿಕೊಂಡ. "ಹಣ್ಣು ಅಂದ್ರ ಅದ್ದೂದ ಮಗಳ. ಅದನ್ನ ಯಾರರ ಕೇಳ್ತಾರೇನು? ನೀ ಒಬ್ಬಾಕಿ ಹೊರಬ್ಯಾಡ. ನಾವೆಲ್ಲಾ ಅದ್ದೀವಿ," ಎಂದ. ಶಬೀನಾ ಅವನ ಮೊಮ್ಮಗಳು.

ಕೊನೆಯ ಸಾಲಿನ ಹಣ್ಣೆಲ್ಲ ಕೊಯ್ದರೂ ತುಂಬಿದ್ದು ಒಂದು ಸ್ಟೀಲ್ ಡಬ್ಬಿ. ತುಳಜಾಳಿಗೆ ದಿನಕ್ಕೊಂದು ಹಿಡಿಯಂತೆ ಕೊಟ್ಟರೆ ವಾರಕ್ಕೆ ಹತ್ತಿರ ಬರುತ್ತಿತ್ತು. ಶಿವಲೀಲಾ ಆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಯಾರಿಗೂ ಹೇಳದೆ ಮನೆಗೆ ತಂದಳು. ದಾರಿಯಲ್ಲಿ ಅವಳ ಮನಸ್ಸಿನಲ್ಲಿ ಲೋಕದ ಮಕ್ಕಳಿರಲಿಲ್ಲ, ಸಮಿತಿ ಇರಲಿಲ್ಲ, ಶಬೀನಾ ಕೂಡ ಇರಲಿಲ್ಲ. ತನ್ನ ಕೂಸಿನ ಕಣ್ಣು ಮಾತ್ರ ಇತ್ತು. ಹೆತ್ತವಳ ಮನಸ್ಸು ಅಷ್ಟೇ ಅಗಲ, ಅದಕ್ಕೆ ನಾಚಿಕೊಳ್ಳುವ ಕಾರಣವೂ ಇಲ್ಲ.

ಮನೆಗೆ ಬಂದು ಡಬ್ಬಿ ತೆರೆದು ತುಳಜಾಳ ಮುಂದೆ ಕೂತಾಗ ಅವಳೊಳಗಿನ ವಿಜ್ಞಾನಿ ಬಾಯಿ ಬಿಟ್ಟಳು. ಒಂದು ವಾರದ ಮದ್ದಿನಿಂದ ಪುಡಿ ಹೋಗುವುದಿಲ್ಲ. ಅಂಚು ಸ್ವಲ್ಪ ತಿಳಿಯಾದೀತು, ಆಮೇಲೆ ಹಣ್ಣಿಲ್ಲ, ಮತ್ತೆ ಕತ್ತಲೆಯೇ. ಬೂದಿಯೂ ಅಷ್ಟರೊಂದಿಗೆ ಮುಗಿಯುತ್ತದೆ. ಅದರ ಬದಲು ಈ ಡಬ್ಬಿಯನ್ನೇ ಹೆಪ್ಪಾಗಿ ಹಾಕಿದರೆ? ಫ್ರೀಜ್ ಕೋಣೆಯಲ್ಲಿ ಟನ್ನುಗಟ್ಟಲೆ ಹಣ್ಣು ಸುಮ್ಮನೆ ಬಿದ್ದಿದೆ. ಅದನ್ನು ಕ್ಷಾರ ಹೋಗುವಂತೆ ತೊಳೆದು, ಅರೆದು, ಅದರಲ್ಲಿ ಈ ಬೂದಿಯ ಜೀವ ಬೆಳೆಸಿದರೆ ಹೆಪ್ಪಿನಿಂದ ಹೆಪ್ಪು ಎತ್ತಿ ಎಷ್ಟು ಮಕ್ಕಳಿಗೆ ಬೇಕಾದರೂ ಕೊಡಬಹುದು. ತುಳಜಾಳಿಗೂ ಕೊನೆಯಿಲ್ಲದೆ ಕೊಡಬಹುದು. ಆದರೆ ಯೀಸ್ಟ್ ಮೆಲ್ಲಗೆ ಬೆಳೆಯುವಂಥದು. ಕಾರಹುಣ್ಣಿಮೆಗೆ ಮುಂಚೆ ಹೆಪ್ಪು ಕೂಡೀತೋ ಇಲ್ಲವೋ. ಕೂಡಿದರೆ ಮಗಳು ಉಳಿದಳು. ಕೂಡದಿದ್ದರೆ ಒಂದು ವಾರದ ಬೆಳಕನ್ನೂ ತಾನೇ ಕಸಿದಂತೆ.

ತುಳಜಾ ಕೈ ಚಾಚಿ ಒಂದು ಹಣ್ಣನ್ನು ಮುಟ್ಟಿದಳು. ಬೆರಳು ಉಜ್ಜಿದ ಕಡೆ ಬೂದಿ ಹೋಗಿ ಹಣ್ಣು ಮಿರಿಮಿರಿ ಮಿಂಚಿತು.

"ಮುಟ್ಟಬ್ಯಾಡ!" ಎಂದು ಶಿವಲೀಲಾ ಕಿರುಚಿ ಅವಳ ಕೈಯನ್ನು ಹೊಡೆದಳು.

ಕೂಸು ಅಳಲಿಲ್ಲ. ಕೈಯನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು, "ಒಂದರ ತಿನ್ಲಾ ಅವ್ವಾ? ಇದರ ವಾಸನಿ ಮೊದಲಿನ ಹಣ್ಣಿನಂಗ ಅದ," ಎಂದಳು.

ಶಿವಲೀಲಾ ಡಬ್ಬಿಯನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಳು. ಕಸ್ತೂರೆವ್ವ ಬಂದು ಬಾಗಿಲಲ್ಲಿ ನಿಂತಿದ್ದಳು. ಕೊನೆಗೆ ಶಿವಲೀಲಾ ಮಗಳು ಉಜ್ಜಿದ ಆ ಒಂದೇ ಹಣ್ಣನ್ನು ಅವಳ ಬಾಯಿಗೆ ಇಟ್ಟಳು. ಬೂದಿ ಹೋದ ಹಣ್ಣು, ಹೆಪ್ಪಿಗೆ ಬರುವಂಥದಲ್ಲ. ಉಳಿದದ್ದನ್ನೆಲ್ಲ ಮುಚ್ಚಳ ಹಾಕಿ ಎತ್ತಿಕೊಂಡು ಲ್ಯಾಬಿಗೆ ಹೊರಟಳು.

ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ಹೆಪ್ಪು ಕಣ್ಣುಬಿಡುವಷ್ಟರಲ್ಲಿ ಅಮಾವಾಸ್ಯೆ ಬಂತು. ಹೇಳಿದ ಮಾತಿನಂತೆ ಕರೆಂಟು ಹೋಯಿತು. ಕೊಡುವಾಗ ಹತ್ತು ಸಲ ತಡವಾಗುವ ಸರಕಾರದ ಕೆಲಸ, ಕಸಿಯುವಾಗ ಗಳಿಗೆ ತಪ್ಪಲಿಲ್ಲ. ಹಗಲು ಬಿಸಿಲಿಗೆ ಕುದಿಯುವ ಕೋಣೆ, ಬೆಳಗಿನ ಜಾವಕ್ಕೆ ತಣ್ಣಗಾಗುವ ಕೋಣೆ. ಹೆಪ್ಪಿಗೆ ಎರಡೂ ವಿಷ. ಶಿವಲೀಲಾ ಗಾಜಿನ ಜಾಡಿಗಳನ್ನೆಲ್ಲ ಮನೆಗೆ ತಂದಳು. ಕಸ್ತೂರೆವ್ವ ಅವನ್ನು ನೆಲದಲ್ಲಿ ಹೂತ ಮಣ್ಣಿನ ಗಡಿಗೆಗಳೊಳಗೆ ಇಳಿಸಿ, ಮಗಳ ಮದುವೆಗೆಂದು ಒಂದು ಕಾಲದಲ್ಲಿ ಹೊಲಿದಿಟ್ಟ ಕೌದಿಯನ್ನು ಅವುಗಳಿಗೆ ಹೊದಿಸಿದಳು. ಹಗಲು ಒದ್ದೆ ಗೋಣಿ, ಜಾವಕ್ಕೆ ಕೌದಿ. ಕಸ್ತೂರೆವ್ವ, ಶಿವಲೀಲಾ ಇಬ್ಬರೂ ಸರದಿಯ ಮೇಲೆ ಕೂತು ಕಾಯ್ದರು. ಬಂದೇನವಾಜ ಕಾಕಾ ಫ್ರೀಜ್ ಕೋಣೆಯ ಯಂತ್ರ ನಿಲ್ಲದಂತೆ ಅಲ್ಲೇ ಚಾಪೆ ಹಾಸಿಕೊಂಡ. ಹಾಲ್‌ನಲ್ಲಿ ಗಿಡಗಳ ಎಲೆ ತುದಿಯಿಂದ ಸುಡತೊಡಗಿತು.

ತುಳಜಾ ಗಡಿಗೆಗಳ ಪಕ್ಕದಲ್ಲೇ ಮಲಗುತ್ತಿದ್ದಳು. ಕಿವಿಯಿಟ್ಟು ಕೇಳಿ, "ಅವ್ವಾ, 'ಗುಳುಗುಳು' ಅನ್ಲಾಕತ್ತದ," ಎನ್ನುವಳು. ಅದನ್ನು ಕೇಳಿದಾಗ ಶಿವಲೀಲಾಳಿಗೆ ಜೀವ ಬಂದಂತಾಗುತ್ತಿತ್ತು. ಆ ಸದ್ದು ಒಂದು ದಿನ ಇರುವುದು, ಇನ್ನೊಂದು ದಿನ ನಿಲ್ಲುವುದು. ನಿಂತ ದಿನ ಅವಳು ದೇವರಿಗೂ ಬೈದಳು, ಮೋಡದ ಮೇಲೆ ಪುಡಿ ಎರಚಿದವರಿಗೂ ಬೈದಳು, ಎಲ್ಲರಿಗಿಂತ ಹೆಚ್ಚು ತನಗೆ ಬೈದುಕೊಂಡಳು.

ಕಾರಹುಣ್ಣಿಮೆ ಇನ್ನೂ ದೂರವಿತ್ತು. ಒಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತಿದ್ದ ತುಳಜಾ ಕೈ ನಿಲ್ಲಿಸಿ ಕೇಳಿದಳು: "ಮಳಿ ಬರ್ತದೇನವ್ವಾ? ಮೋಡ ಮುಚ್ಚಿತಲ್ಲ."

ಅಂಗಳದಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಸ್ತೂರೆವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆಯೇ ಸುಟ್ಟು ಹೊಗೆಯಾಡಿತು. ಶಿವಲೀಲಾ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಆ ಕಡೆಗೆ ಈ ಕಡೆಗೆ ತಿರುಗಿಸಿ ಕಿಂಡಿ ಹುಡುಕಿದಳು. ಎಲ್ಲೂ ಸಿಗಲಿಲ್ಲ. "ಹೌದವ್ವಾ, ಮೋಡ ಆಗೇದ," ಎಂದು ಹೇಳಿ, ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹೆಪ್ಪು ಕೂಡಿದ್ದು ಅದಾದ ಕೆಲವೇ ದಿನಗಳ ಮೇಲೆ. ಕಡುನೀಲಿಯ ಗಟ್ಟಿ ಕೆನೆ, ಹುಳಿವಾಸನೆ, ಮೇಲೆ ತೆಳ್ಳನೆ ಬೂದಿಯ ಪೊರೆ. ಮೊದಲ ಚಮಚೆ ತುಳಜಾಳಿಗೇ ಕೊಟ್ಟರು. ದಿನವೂ ಕೊಟ್ಟರು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಗಟ್ಟಿಯಾದ ಪುಡಿ ಅಲ್ಲಾಡಲಿಲ್ಲ. ಎರಡನೆಯ ಚಮಚೆ ಶಬೀನಾಳಿಗೆ ಹೋಗಿತ್ತು. ಕೆಲವು ವಾರ ಕಳೆದ ಮೇಲೆ ಆ ಕೂಸು ಅಜ್ಜನ ಗಡ್ಡದಲ್ಲಿ ಸಿಕ್ಕಿಕೊಂಡ ಅನ್ನದ ಅಗುಳನ್ನು ತಾನಾಗಿ ಬೆರಳಿನಿಂದ ತೆಗೆಯಿತು. ಬಂದೇನವಾಜ ಕಾಕಾ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಂಟ್ರೋಲ್ ರೂಮಿಗೆ ಓಡಿಬಂದು, ಕ್ಯಾಮೆರಾದ ಮುಂದೆ ನಿಲ್ಲಿಸಿದ. ಸಮಿತಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನ ಹಾಲ್‌ಗೆ ಕರೆಂಟು ಬಂತು. ಅರ್ಧದಷ್ಟು ಗಿಡಗಳು ಉಳಿದಿದ್ದವು. ಅದ್ದುವ ತೊಟ್ಟಿಯನ್ನು ಆಳುಗಳೇ ಕಿತ್ತು ಹೊರಗೆ ಎಸೆದರು.

ಹೆಪ್ಪು ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಯಿತು. ಶಿವಲೀಲಾ ಎಲ್ಲರಿಗೂ ಕೊಟ್ಟಳು, ಕಲಿಸಿದಳು, ಮಕ್ಕಳ ವರದಿ ಓದಿದಳು. ಸಂತೋಷಪಡಬೇಕೆಂದು ಗೊತ್ತಿತ್ತು. ಕಣ್ಣು ಬಂದ ಒಂದೊಂದು ಮಗುವನ್ನು ನೋಡಿದಾಗಲೂ, ಹೆಪ್ಪು ಎಷ್ಟು ದಿನ ಮುಂಚೆ ಕೂಡಬೇಕಿತ್ತು ಎಂದು ಲೆಕ್ಕ ಹಾಕುತ್ತಿದ್ದಳು. ಅದನ್ನು ಅವಳು ತಾಯಿಗೂ ಹೇಳಲಿಲ್ಲ. ತಾಯಿಗೆ ಹೇಳಬೇಕಾಗಿಯೂ ಇರಲಿಲ್ಲ.

ಒಂದು ಸಂಜೆ ಕಸ್ತೂರೆವ್ವ ದೀಪ ಹಚ್ಚಿ ಕೈಮುಗಿದು ತಿರುಗುವಷ್ಟರಲ್ಲಿ ಖಾಜಾಬಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಅವಳ ಮನೆಯ ಹೆಪ್ಪು ಸೆಕೆಗೆ ಕೆಟ್ಟು ಹೋಗಿತ್ತು. ಮದ್ದು ಒಂದು ದಿನವೂ ತಪ್ಪಬಾರದು ಎಂದು ಹೇಳಿಕೊಟ್ಟವಳು ಶಿವಲೀಲಾಳೇ. ಖಾಜಾಬಿ ಉರಿಯುವ ದೀಪವನ್ನು ನೋಡಿದಳು. ಬಟ್ಟಲನ್ನು ಸೆರಗಿನ ಕೆಳಗೆ ಮುಚ್ಚಿಕೊಂಡು ಹಿಂದಕ್ಕೆ ತಿರುಗಿದಳು.

"ಖಾಜಾ ಕಾಕು ಬಂದ್ಲೇನು?" ಗೋಡೆಗೆ ಒರಗಿ ಕೂತಿದ್ದ ತುಳಜಾ ಕೇಳಿದಳು. ಹೆಜ್ಜೆಯ ಸದ್ದಿನ ಮೇಲೆ ಈಗ ಅವಳು ಎಲ್ಲರನ್ನೂ ಗುರುತಿಸುತ್ತಿದ್ದಳು.

"ಹೌದವ್ವಾ," ಎಂದಳು ಕಸ್ತೂರೆವ್ವ. "ಶಬೀನಾಗ ಹೆಪ್ಪು ಬೇಕಾಗೇದ."

"ದೀಪ ಹಚ್ಚಿದೇನು ಆಯಿ?"

ಕಸ್ತೂರೆವ್ವ ದೀಪದ ಕಡೆ ನೋಡಿದಳು. ಮೊಮ್ಮಗಳ ಕಡೆ ನೋಡಿದಳು. ಒಳಕೋಣೆಯ ಬಾಗಿಲಲ್ಲಿ ಶಿವಲೀಲಾ ನಿಂತಿದ್ದಳು.

"ಇಲ್ಲವ್ವಾ," ಎಂದಳು ಕಸ್ತೂರೆವ್ವ. "ಇನ್ನಾ ಬೆಳಕದ. ಹಚ್ಚಿಲ್ಲ."

ಬತ್ತಿ ಸುಡುವ ವಾಸನೆ ಮನೆ ತುಂಬ ಇತ್ತು. ತುಳಜಾ ಮೂಗನ್ನು ಸ್ವಲ್ಪ ಮೇಲೆತ್ತಿ, ದೀಪವಿದ್ದ ಕಡೆಗೇ ಮುಖ ಮಾಡಿದಳು.

"ಹಂಗಾರ ಕೊಡು ಆಯಿ," ಎಂದಳು.